ಕಿವಿ, ಕಣ್ಣು, ತಲೆ ಮೂರೂ ನೋಯುತ್ತಿದ್ದರೆ: ಕಾರಣ ಹುಡುಕಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ನನ್ನ ನೋವು ಎಡಗಿವಿಯಲ್ಲಿ ಶುರುವಾಗುತ್ತಿತ್ತು. ಒಳಗೆ ಯಾರೋ ಬೆರಳಿಟ್ಟು ಒತ್ತಿದ ಹಾಗೆ. ಅರ್ಧ ಗಂಟೆಯಲ್ಲಿ ಕಣತಲೆಗೆ ಏರುತ್ತಿತ್ತು, ಅಲ್ಲಿಂದ ಕಣ್ಣಿನ ಹಿಂದಕ್ಕೆ. ಸಂಜೆಯವರೆಗೆ ಕಾಡಿ ಹೊರಟುಹೋಗುತ್ತಿತ್ತು. ನಾಲ್ಕು ದಿನ ಬಿಟ್ಟು ಮತ್ತೆ ಹಾಜರ್.

ಕಿವಿ ಡಾಕ್ಟರು ನೋಡಿ "ಕಿವಿ ಕ್ಲೀನಾಗಿದೆ" ಅಂದರು. ಕಣ್ಣಿನ ಡಾಕ್ಟರು ಕಾಲು ಪಾಯಿಂಟ್ ಪವರ್ ಬದಲಿಸಿ ಹೊಸ ಕನ್ನಡಕ ಬರೆದುಕೊಟ್ಟರು. ಸ್ಕ್ಯಾನ್ ವರದಿಯಲ್ಲಿ ಸೈನಸ್‌ನ ಒಳಪದರ ಸ್ವಲ್ಪ ದಪ್ಪ ಅಂತ ಬಂತು. ಅದಕ್ಕೆ ಎರಡು ಸಲ ಆಂಟಿಬಯಾಟಿಕ್ ನುಂಗಿದೆ. ಎರಡು ವರ್ಷ ಹೀಗೇ ಕಳೆಯಿತು. ಕೊನೆಗೆ ಹುಳುಕು ಹಲ್ಲು ತುಂಬಿಸಿಕೊಳ್ಳಲು ಹೋದಾಗ, ಆ ದಂತವೈದ್ಯೆ ನನ್ನ ಕೆನ್ನೆಯ ಹಿಂಭಾಗದಲ್ಲಿ ಹೆಬ್ಬೆರಳಿಟ್ಟು ಒತ್ತಿದರು. ನೋವು ಛಳಕ್ ಅಂತ ಕಿವಿಯೊಳಗೆ ಹೋಯಿತು. ಅದೇ ನೋವು, ಎರಡು ವರ್ಷದಿಂದ ನನಗೆ ಗೊತ್ತಿದ್ದ ನೋವು. "ರಾತ್ರಿ ಹಲ್ಲು ಕಡೀತೀರಾ?" ಅಂತ ಕೇಳಿದರು. ಹೌದು ಅಂತ ನನ್ನ ಹೆಂಡತಿ ಹೊರಗಿನ ಬೆಂಚಿನಿಂದಲೇ ಉತ್ತರ ಕೊಟ್ಟಳು.

ಅದು ಅರ್ಧ ಉತ್ತರ. ಉಳಿದದ್ದರಲ್ಲಿ ಒಂದು ಪಾಲು ಮೈಗ್ರೇನ್. ಇನ್ನೊಂದು ಪಾಲು ನಾನೇ ಮಾತ್ರೆ ತಿಂದು ತಿಂದು ತರಿಸಿಕೊಂಡ ತಲೆನೋವು. ಈ ಮೂರನ್ನು ಹಿಡಿಯಲು ಯಾವ ದೊಡ್ಡ ಯಂತ್ರವೂ ಬೇಕಾಗಿರಲಿಲ್ಲ. ನಾನು ಹೇಳಬೇಕಾದ್ದನ್ನು ಹೇಳಿರಲಿಲ್ಲ. ಕಿವಿಯವರಿಗೆ ಕಿವಿಯ ಕತೆ ಹೇಳಿದೆ, ಕಣ್ಣಿನವರಿಗೆ ಕಣ್ಣಿನ ಕತೆ ಹೇಳಿದೆ. ಪೂರ್ತಿ ಕತೆ ಯಾರ ಬಳಿಯೂ ಇರಲಿಲ್ಲ.

ನಾನು ಡಾಕ್ಟರ್ ಅಲ್ಲ, ರೋಗಿಯಾಗಿ ಅನುಭವ ಇರುವವನು ಅಷ್ಟೆ. ಇದನ್ನು ಓದಿ ನಿಮಗೆ ನೀವೇ ಕಾಯಿಲೆಯ ಹೆಸರು ಕಟ್ಟಿಕೊಳ್ಳಬೇಡಿ. ಡಾಕ್ಟರ ಎದುರಿನ ಆ ಐದು ನಿಮಿಷ ವ್ಯರ್ಥವಾಗದ ಹಾಗೆ ತಯಾರಾಗಿ ಹೋಗಿ ಅನ್ನುವುದಷ್ಟೇ ನನ್ನ ಉದ್ದೇಶ.

ಮೊದಲು ಇದನ್ನು ನೋಡಿಕೊಳ್ಳಿ: ಕಾಯಬಾರದ ನೋವುಗಳು

ಡೈರಿ ಬರೆಯುವುದು, ಚೀಟಿ ಮಾಡುವುದು ಎಲ್ಲ ಆಮೇಲೆ. ಕೆಳಗಿನ ಯಾವುದಾದರೂ ಇದ್ದರೆ ಓದುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗಿ, ಬೇಕಿದ್ದರೆ 108ಕ್ಕೆ ಕರೆ ಮಾಡಿ.

ಸಿಡಿಲು ಬಡಿದ ಹಾಗೆ ಬಂದು ಒಂದೇ ನಿಮಿಷದೊಳಗೆ ತುತ್ತತುದಿ ಮುಟ್ಟಿದ ತಲೆನೋವು. ಜ್ವರದ ಜೊತೆ ಕುತ್ತಿಗೆ ಬಗ್ಗಿಸಲಾಗದಷ್ಟು ಬಿಗಿತ, ಅಥವಾ ಮಾತು ತಡಬಡಾಯಿಸುವುದು. ಬಾಯಿ ಒಂದು ಕಡೆ ಸೊಟ್ಟಗಾಗುವುದು, ಕೈಕಾಲಿನಲ್ಲಿ ಶಕ್ತಿ ಹೋಗುವುದು, ಒಂದು ವಸ್ತು ಎರಡಾಗಿ ಕಾಣುವುದು, ಫಿಟ್ಸ್. ತಲೆಗೆ ಪೆಟ್ಟು ಬಿದ್ದ ಮೇಲೆ ಏರುತ್ತಾ ಹೋಗುವ ನೋವು.

ಕಣ್ಣು ಕೆಂಪಾಗಿ, ಮಂಜಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡು, ಜೊತೆಗೆ ವಾಂತಿಯೂ ಆಗುತ್ತಿದ್ದರೆ ಅದು ಗ್ಯಾಸ್ಟ್ರಿಕ್ ಅಲ್ಲ. ಕಣ್ಣಿನ ಒತ್ತಡ ಥಟ್ಟನೆ ಏರಿದ ಗ್ಲಾಕೋಮಾ ಇರಬಹುದು. ಅದರಲ್ಲಿ ಗಂಟೆಗಳ ಲೆಕ್ಕದಲ್ಲಿ ದೃಷ್ಟಿ ಹೋಗುತ್ತದೆ. ವಾಂತಿಯನ್ನೇ ದೊಡ್ಡದು ಮಾಡಿ ಹೊಟ್ಟೆಯ ಡಾಕ್ಟರ ಬಳಿ ಕೂರಬೇಡಿ.

ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು ಶುರುವಾಗಿ, ತಲೆ ಬಾಚಿದರೆ ಚರ್ಮ ನೋಯುತ್ತಿದ್ದರೆ, ಊಟ ಅಗಿಯುವಾಗ ದವಡೆ ಸೋತು ನೋಯುತ್ತಿದ್ದರೆ ಅದು ಕಣತಲೆಯ ರಕ್ತನಾಳದ ಉರಿಯೂತ ಇರಬಹುದು. ನಮ್ಮಲ್ಲಿ ಇದು ಕಡಿಮೆ. ಆದರೆ ತಡ ಮಾಡಿದರೆ ಕಣ್ಣು ಹೋಗುತ್ತದೆ. ಇಎಸ್‌ಆರ್, ಸಿಆರ್‌ಪಿ ಅನ್ನುವ ಸಾಮಾನ್ಯ ರಕ್ತಪರೀಕ್ಷೆಗಳಿಂದ ಹುಡುಕಾಟ ಶುರುವಾಗುತ್ತದೆ. ಅನುಮಾನ ಬಲವಾಗಿದ್ದರೆ ವರದಿಗೆ ಕಾಯದೆ ಸ್ಟಿರಾಯ್ಡ್ ಶುರು ಮಾಡುತ್ತಾರೆ.

ಕಿವಿಯ ವಿಷಯದಲ್ಲಿ ಮೂರು ಸಂದರ್ಭ ನೆನಪಿಡಿ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ರಾತ್ರಿ ನಿದ್ದೆಗೆಡಿಸುವ ಕಿವಿನೋವು ಬಂದು ಕಿವಿ ಸೋರುತ್ತಿದ್ದರೆ, ಸೋಂಕು ಮೂಳೆಗೆ ಇಳಿದಿರಬಹುದು. ಕಿವಿಯ ಮೇಲೆ ನೀರುಗುಳ್ಳೆ ಎದ್ದು ಅದೇ ಕಡೆ ಮುಖ ಸೊಟ್ಟಗಾದರೆ, 72 ಗಂಟೆಯೊಳಗೆ ಔಷಧ ಶುರುವಾದರೆ ಒಳ್ಳೆಯದು. "ಗಾಳಿ ಹೊಡೆದಿದೆ" ಅಂತ ಶಾಖ ಕೊಡುತ್ತಾ ಕೂರುವ ಸಮಯ ಅದಲ್ಲ. ಕಿವಿಯ ಹಿಂದೆ ಊದಿ ಕಿವಿ ಮುಂದಕ್ಕೆ ಬಾಗಿದ್ದರೆ, ಅದರಲ್ಲೂ ಮಕ್ಕಳಲ್ಲಿ, ಅವತ್ತೇ ತೋರಿಸಿ.

ಬಾಣಂತಿಯರ ಬಗ್ಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಬಾಣಂತಿ ತಲೆನೋವು ಅಂದರೆ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಬಿಗಿಯುವುದೇ ಮದ್ದು. ಬಟ್ಟೆ ಕಟ್ಟಲಿ, ತೊಂದರೆ ಇಲ್ಲ. ಆದರೆ ಗರ್ಭಿಣಿಗಾಗಲಿ ಹೆರಿಗೆಯಾಗಿ ಕೆಲ ವಾರವಾದವರಿಗಾಗಲಿ ಜೋರು ತಲೆನೋವು, ಕಣ್ಣು ಮಂಜು ಬಂದರೆ ಬಿಪಿ ಏರಿರಬಹುದು, ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅವರನ್ನು ಕಾಯಿಸಬೇಡಿ.

ಈ ಯಾವುದೂ ಇಲ್ಲದೆ, ತಿಂಗಳುಗಟ್ಟಲೆ ಬಂದು ಹೋಗಿ ಮಾಡುವ ನೋವಾದರೆ ನಿಮಗೆ ಹುಡುಕಲು ಸಮಯ ಇದೆ. ಮುಂದೆ ಓದಿ.

ನೋಯುವ ಜಾಗ ಒಂದು, ಕಾರಣ ಇನ್ನೊಂದು ಕಡೆ

ಗದ್ದೆಗೆ ನೀರು ಹಾಯಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತೂಬಿನ ಹತ್ತಿರ ಒಡೆದರೆ ನೀರು ನಿಲ್ಲುವುದು ಕೆಳಗಿನ ಗದ್ದೆಯಲ್ಲಿ. ಕೆಳಗಿನವನು ತನ್ನ ಬದುವನ್ನು ಎಷ್ಟು ಹುಡುಕಿದರೂ ತೂತು ಸಿಗುವುದಿಲ್ಲ.

ಮುಖದ ಸ್ಪರ್ಶ, ನೋವನ್ನೆಲ್ಲ ಮುಖ್ಯವಾಗಿ ಒಂದೇ ನರ ಹೊತ್ತೊಯ್ಯುತ್ತದೆ. ಟ್ರೈಜೆಮಿನಲ್ ಅಂತ ಅದರ ಹೆಸರು. ಎಡಕ್ಕೊಂದು ಬಲಕ್ಕೊಂದು. ಪ್ರತಿಯೊಂದಕ್ಕೂ ಮೂರು ಕವಲು. ಮೇಲಿನದು ಹಣೆ ಮತ್ತು ಕಣ್ಣಿಗೆ, ನಡುವಿನದು ಕೆನ್ನೆ ಮತ್ತು ಮೇಲಿನ ಹಲ್ಲಿಗೆ, ಕೆಳಗಿನದು ದವಡೆ, ಕೆಳಹಲ್ಲು, ಕಿವಿಯ ಮುಂಭಾಗಕ್ಕೆ. ಮೆದುಳಿಗೆ ಸುದ್ದಿ ಹೋಗುವುದು ಒಂದೇ ದಾರಿಯಲ್ಲಿ. ಹಾಗಾಗಿ ದವಡೆಯ ನೋವು ಕಿವಿಯ ನೋವಾಗಿ, ಹಲ್ಲಿನ ನೋವು ಕಣ್ಣಿನ ನೋವಾಗಿ ಅನ್ನಿಸಬಹುದು. ಕುತ್ತಿಗೆಯ ಮೇಲ್ಭಾಗದ ನರಗಳೂ ಇದೇ ದಾರಿಗೆ ಬಂದು ಸೇರುತ್ತವೆ. ಕುತ್ತಿಗೆ ಹಿಡಿದವರಿಗೆ ಕಣ್ಣಿನ ಹಿಂದೆ ನೋವು ಬರುವುದು ಅದಕ್ಕೇ.

ಕಿವಿಯಂತೂ ಇನ್ನೂ ಗೋಜಲು. ಟ್ರೈಜೆಮಿನಲ್ ಅಲ್ಲದೆ ಮುಖದ ನರ, ಗಂಟಲಿನ ನರ, ಎದೆ ದಾಟಿ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ, ಕುತ್ತಿಗೆಯ ನರಗಳು ಎಲ್ಲಕ್ಕೂ ಕಿವಿಯಲ್ಲಿ ಒಂದೊಂದು ತುಂಡು ಜಾಗ ಇದೆ. ಟಾನ್ಸಿಲ್ ಆಪರೇಷನ್ ಆದ ಮಕ್ಕಳು "ಕಿವಿ ನೋವು" ಅಂತ ಅಳುವುದನ್ನು ನೋಡಿರಬಹುದು. ಕಿವಿ ಸರಿಯಾಗೇ ಇರುತ್ತದೆ, ಗಾಯ ಗಂಟಲಲ್ಲಿ.

ಹಾಗಾಗಿ "ಕಿವಿ ನಾರ್ಮಲ್" ಅಂದರೆ "ನಿಮಗೆ ನೋವಿಲ್ಲ" ಅಂತಲ್ಲ. ಹುಡುಕಬೇಕಾದ ಜಾಗಗಳಲ್ಲಿ ಒಂದು ಕಡಿಮೆಯಾಯಿತು ಅಂತ. ನನಗೆ ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಆ ಮೊದಲ ಡಾಕ್ಟರ ಮೇಲೆ ಅಷ್ಟು ಸಿಟ್ಟಾಗುತ್ತಿರಲಿಲ್ಲ.

ಹೆಜ್ಜೆ 1: ಗೋಡೆಯ ಕ್ಯಾಲೆಂಡರಿನಲ್ಲಿ ನಾಲ್ಕು ವಾರ

ಆ್ಯಪ್ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ತಲೆ ಸಿಡಿಯುವಾಗ ಮೊಬೈಲ್ ಪರದೆ ನೋಡಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುವ ಆ ಗೋಡೆ ಕ್ಯಾಲೆಂಡರ್ ಸಾಕು. ದಾರದಲ್ಲಿ ಪೆನ್ನು ಕಟ್ಟಿಡಿ.

ನೋವು ಬಂದ ದಿನ ನಾಲ್ಕು ಸಂಗತಿ ಬರೆಯಿರಿ: ಶುರುವಾದ ಹೊತ್ತು, ಮುಗಿದ ಹೊತ್ತು, ಹತ್ತಕ್ಕೆ ಎಷ್ಟು ನೋವು, ಯಾವ ಮಾತ್ರೆ. ನನ್ನ ಕ್ಯಾಲೆಂಡರಿನ ಒಂದು ಮನೆ ಹೀಗಿತ್ತು: "ಬೆ. 6 - ಮ. 3. ಎಡ. 7. ಮಾತ್ರೆ 2. ವಾಕರಿಕೆ. ನಿನ್ನೆ ಊಟ ಲೇಟು." ಅಷ್ಟೆ. ಪ್ರಬಂಧ ಬರೆಯಲು ಹೋದರೆ ಮೂರನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ಹೆಂಗಸರು ಮುಟ್ಟಿನ ದಿನವನ್ನೂ ಗುರುತು ಹಾಕಿ. ಮೈಗ್ರೇನ್‌ಗೂ ಅದಕ್ಕೂ ನೇರ ನಂಟಿದೆ.

ನಾಲ್ಕರಲ್ಲಿ ತೀರಾ ಬೆಲೆಬಾಳುವುದು ನೋವು ಇದ್ದ ಅವಧಿ. ಎಲ್ಲಿ ನೋಯುತ್ತದೆ ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಯುತ್ತದೆ ಅನ್ನುವುದು ಡಾಕ್ಟರಿಗೆ ಜಾಸ್ತಿ ಹೇಳುತ್ತದೆ.

ಕರೆಂಟ್ ಹೊಡೆದ ಹಾಗೆ ಬಂದು ಕೆಲವು ಸೆಕೆಂಡ್, ಹೆಚ್ಚೆಂದರೆ ಎರಡು ನಿಮಿಷದಲ್ಲಿ ಹೋಗಿ, ಮುಖ ತೊಳೆದರೆ, ಹಲ್ಲುಜ್ಜಿದರೆ, ಗಾಳಿ ಸೋಕಿದರೆ ಮತ್ತೆ ಹೊಡೆಯುವುದು ಟ್ರೈಜೆಮಿನಲ್ ನ್ಯೂರಾಲ್ಜಿಯಾದ ರೀತಿ. ಇದನ್ನು ಹಲ್ಲುನೋವು ಅಂದುಕೊಂಡು ಒಳ್ಳೆಯ ಹಲ್ಲು ಕೀಳಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

15 ನಿಮಿಷದಿಂದ 3 ಗಂಟೆ ಇದ್ದು, ಒಂದೇ ಕಣ್ಣಿನ ಸುತ್ತ ಇರಿದ ಹಾಗೆ ನೋಯುವುದು, ಆ ಕಣ್ಣು ಕೆಂಪಾಗಿ ನೀರು ಸುರಿಯುವುದು, ಆ ಕಡೆಯ ಮೂಗು ಕಟ್ಟುವುದು, ಮಲಗಲಾಗದೆ ಮನೆಯೆಲ್ಲ ಓಡಾಡುವುದು, ದಿನಾ ರಾತ್ರಿ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಎಬ್ಬಿಸುವುದು: ಇದು ಕ್ಲಸ್ಟರ್ ತಲೆನೋವಿನ ಚಿತ್ರ. ಕೆಲವು ವಾರ ಕಾಡಿ ತಿಂಗಳುಗಟ್ಟಲೆ ಮಾಯವಾಗುತ್ತದೆ. ಮಾಯವಾದಾಗ ಆ ಹೊತ್ತಿಗೆ ಕುಡಿದ ಕಷಾಯಕ್ಕೆ ಹೆಸರು ಬರುತ್ತದೆ.

4 ಗಂಟೆಯಿಂದ 72 ಗಂಟೆ ಇದ್ದು, ನಾಡಿಯ ಜೊತೆ ಮಿಡಿಯುತ್ತಾ, ಮೆಟ್ಟಿಲು ಹತ್ತಿದರೆ ಜಾಸ್ತಿಯಾಗಿ, ವಾಕರಿಕೆ ಬಂದು, ಬೆಳಕು ಸದ್ದು ಬೇಡವಾಗುವುದು ಮೈಗ್ರೇನ್, ನಮ್ಮ ಅರೆತಲೆನೋವು. ಇದರಲ್ಲಿ ಕ್ಲಸ್ಟರ್‌ನವರ ಹಾಗೆ ಓಡಾಡಲು ಆಗುವುದಿಲ್ಲ. ಕತ್ತಲ ಕೋಣೆಯಲ್ಲಿ ಅಲುಗಾಡದೆ ಮಲಗಬೇಕು ಅನ್ನಿಸುತ್ತದೆ. ಹೆಸರಿನಲ್ಲಿ ಅರೆ ಇದ್ದರೂ ಎರಡೂ ಕಡೆ ನೋಯಬಹುದು. ಕಿವಿ ಕಟ್ಟಿದ ಹಾಗೆ, ತಲೆ ತಿರುಗಿದ ಹಾಗೆ ಆಗಬಹುದು. ಮೂಗಿನಲ್ಲಿ ತಿಳಿನೀರೂ ಬರಬಹುದು. ಅದನ್ನು ನೋಡಿಯೇ ಎಷ್ಟೋ ಜನ "ನನಗೆ ಸೈನಸ್" ಅಂತ ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಾರೆ. ನಾನೂ ಒಬ್ಬ. ನಿಜವಾದ ಸೈನಸ್ ಸೋಂಕಿನಲ್ಲಿ ಸಾಮಾನ್ಯವಾಗಿ ಹಳದಿ ಅಥವಾ ಹಸಿರು ಗಟ್ಟಿ ಸಿಂಬಳ, ಮೂಗು ಕಟ್ಟುವುದು, ವಾಸನೆ ತಿಳಿಯದಿರುವುದು, ಕೆಲವೊಮ್ಮೆ ಜ್ವರ ಇರುತ್ತದೆ.

ಬೆಳಿಗ್ಗೆ ಏಳುವಾಗಲೇ ಕಣತಲೆ, ದವಡೆ ಬಿಗಿಯಾಗಿದ್ದರೆ ರಾತ್ರಿ ಹಲ್ಲು ಕಡಿಯುವ ಅನುಮಾನ. ಜೋರಾಗಿ ಗೊರಕೆ ಹೊಡೆದು ಬೆಳಿಗ್ಗೆ ತಲೆ ಭಾರ ಅನ್ನುವವರಲ್ಲಿ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ನೋಡಬೇಕು. ಇಡೀ ದಿನ ಸ್ಕ್ರೀನ್ ಮುಂದೆ ಕೂತು ಸಂಜೆಗೆ ಕಣ್ಣು ಉರಿ, ಹಣೆ ಭಾರ ಅಂದರೆ ಕಣ್ಣು ಒಣಗುವುದು, ಪವರ್, ಕುತ್ತಿಗೆ ಮೂರನ್ನೂ ನೋಡಬೇಕು. ಬಗ್ಗಿದಾಗ ಕ್ಷಣಕಾಲ ಕಣ್ಣು ಕತ್ತಲಾಗಿ, ಕಿವಿಯಲ್ಲಿ ನಾಡಿಯ ಜೊತೆ ಸುಂಯ್ ಸುಂಯ್ ಸದ್ದು ಕೇಳುತ್ತಿದ್ದರೆ, ಮುಖ್ಯವಾಗಿ ತೂಕ ಹೆಚ್ಚಿರುವ ಹರೆಯದ ಹೆಂಗಸರಲ್ಲಿ, ತಲೆಬುರುಡೆಯೊಳಗಿನ ಒತ್ತಡ ಏರಿರಬಹುದು. ಇದನ್ನು ನಾಲ್ಕು ವಾರ ಬರೆಯುತ್ತಾ ಕೂರಬೇಡಿ, ಒಂದೆರಡು ದಿನದಲ್ಲೇ ಕಣ್ಣಿನ ಡಾಕ್ಟರಿಗೆ ಹಿಂಪರದೆ (ರೆಟಿನಾ) ತೋರಿಸಿಕೊಳ್ಳಿ.

ಹೆಜ್ಜೆ 2: "ನೋವು" ಅನ್ನುವ ಒಂದೇ ಪದ ಸಾಲದು

ಕನ್ನಡದಲ್ಲಿ ನೋವಿಗೆ ಎಷ್ಟು ಪದ ಇವೆ ಅಲ್ವಾ? ಸಿಡಿತ, ಸೆಳೆತ, ಇರಿತ, ಚುಚ್ಚು, ಹಿಂಡು, ಉರಿ, ಭಾರ, ಬಿಗಿ, ಜೋಮು. ಆದರೆ ಡಾಕ್ಟರ ಎದುರು ಕೂತ ಕೂಡಲೇ ಎಲ್ಲ ಮರೆತು "ಪೇನ್ ಇದೆ ಸಾರ್" ಅಂತೀವಿ. ಅವರು ಬರೆದುಕೊಳ್ಳುವುದೂ ಅಷ್ಟೇ.

ಮನೆಯಲ್ಲಿ ಅಮ್ಮನಿಗೆ ಹೇಗೆ ಹೇಳುತ್ತೀರೋ ಹಾಗೇ ಹೇಳಿ. ತಲೆಗೆ ಬಟ್ಟೆ ಬಿಗಿದು ಕಟ್ಟಿದ ಹಾಗೆ ಅಂದರೆ ಒತ್ತಡದ ತಲೆನೋವಿನ ಕಡೆ ಬೆರಳು ತೋರಿಸುತ್ತದೆ. ನಾಡಿ ಬಡಿದ ಹಾಗೆ ಸಿಡಿತ ಅಂದರೆ ಮೈಗ್ರೇನ್ ಕಡೆಗೆ. ಕರೆಂಟ್ ಹೊಡೆದ ಹಾಗೆ ಅಂದರೆ ನರದ ಕಡೆಗೆ. ಡಾಕ್ಟರಿಗೆ ಕನ್ನಡ ಬಾರದಿದ್ದರೆ ಕೈಯಲ್ಲಿ ಮಾಡಿ ತೋರಿಸಿ. ಮುಷ್ಟಿ ಬಿಚ್ಚಿ ಮುಚ್ಚಿದರೆ ಸಿಡಿತ ಅಂತ ಯಾವ ಊರಿನವರಿಗೂ ಗೊತ್ತಾಗುತ್ತದೆ. ಎಲ್ಲಿ ಶುರು, ಎಲ್ಲಿಗೆ ಹೋಗುತ್ತದೆ ಅಂತ ಒಂದೇ ಬೆರಳಿನಿಂದ ಎಳೆದು ತೋರಿಸಿ. ಇಡೀ ಅಂಗೈ ಇಟ್ಟು "ಇಲ್ಲೆಲ್ಲ" ಅನ್ನಬೇಡಿ, ನಿಜವಾಗಿಯೂ ಇಲ್ಲೆಲ್ಲ ನೋಯದಿದ್ದರೆ.

ಹೆಜ್ಜೆ 3: ಕನ್ನಡಿಯ ಮುಂದೆ ಹತ್ತು ನಿಮಿಷ

ಇದು ಪರೀಕ್ಷೆ ಅಲ್ಲ, ಸುಳಿವು ಹುಡುಕುವುದು. ಸಿಕ್ಕಿದ್ದನ್ನು ಬರೆದುಕೊಳ್ಳಿ.

ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆಯಿರಿ. ಕಿವಿಯ ತೂತಿನ ಮುಂದಿರುವ ಪುಟ್ಟ ಮೃದ್ವಸ್ಥಿಯನ್ನು ಒತ್ತಿ. ಜೀವ ಹೋಗುವ ಹಾಗೆ ನೋಯಿತಾ? ಹಾಗಾದರೆ ಹೊರಗಿವಿಯ ನಾಳದಲ್ಲೇ ಸೋಂಕಿರಬಹುದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಿವಿಯ ಫಂಗಸ್ ಮಾಮೂಲಿ. ಎಳೆದರೂ ಒತ್ತಿದರೂ ಏನೂ ಆಗದೆ, ಕಿವಿ ಚೆನ್ನಾಗಿ ಕೇಳಿಸುತ್ತಿದ್ದು, ಸೋರದೆ ಇದ್ದರೆ, ಕಾರಣ ಬೇರೆ ಕಡೆ ಇರುವ ಸಾಧ್ಯತೆ ಹೆಚ್ಚು.

ಈಗ ಎರಡೂ ತೋರುಬೆರಳನ್ನು ಕಿವಿಯ ತೂತಿನ ಮುಂದೆ ಇಟ್ಟು ಬಾಯಿ ನಿಧಾನ ತೆರೆದು ಮುಚ್ಚಿ. ಬೆರಳ ಕೆಳಗೆ ಕೀಲು ಜಾರುವುದು ತಿಳಿಯುತ್ತದೆ. ಟಕ್ ಅನ್ನುತ್ತದಾ? ಮರಳು ಉಜ್ಜಿದ ಹಾಗೆ ಸದ್ದಾ? ಕನ್ನಡಿಯಲ್ಲಿ ನೋಡಿ, ಗಲ್ಲ ನೇರ ಇಳಿಯುತ್ತದಾ, ಒಂದು ಪಕ್ಕಕ್ಕೆ ವಾಲುತ್ತದಾ? ಬರೀ ಟಕ್ ಅಂದರೆ ಗಾಬರಿ ಬೇಡ, ನೋವಿಲ್ಲದ ಸದ್ದು ಎಷ್ಟೋ ಜನರಿಗೆ ಇರುತ್ತದೆ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ತೂರದಿದ್ದರೆ ಬಾಯಿ ತೆರೆಯುವುದು ಕಡಿಮೆಯಾಗಿದೆ ಅಂತ.

ಹಲ್ಲು ಕಚ್ಚಿ. ದವಡೆಯ ಮೂಲೆಯಲ್ಲಿ ಒಂದು ಸ್ನಾಯು ಉಬ್ಬುತ್ತದೆ. ಹಲ್ಲು ಸಡಿಲಿಸಿ ಅದನ್ನು ಒತ್ತಿ. ಆಮೇಲೆ ಕಣತಲೆ. ಆಮೇಲೆ ಕತ್ತಿನ ಹಿಂದೆ, ತಲೆಬುರುಡೆ ಶುರುವಾಗುವ ಜಾಗ. ನೋವಾಗುತ್ತದಾ ಅನ್ನುವುದಕ್ಕಿಂತ, ನಿಮಗೆ ಗೊತ್ತಿರುವ ಅದೇ ನೋವು ಎದ್ದು ಬರುತ್ತದಾ ಅಂತ ನೋಡಿ. ಆ ದಂತವೈದ್ಯೆ ಹಿಡಿದದ್ದು ಅದನ್ನೇ.

ಒಂದು ಕಣ್ಣು ಮುಚ್ಚಿ ದೂರದ ಕ್ಯಾಲೆಂಡರ್ ಓದಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ. ವ್ಯತ್ಯಾಸ ಇದೆಯಾ? ಎರಡೂ ಕಣ್ಣು ತೆರೆದಿದ್ದಾಗ ಒಂದು ಕಣ್ಣಿನ ಮಂಜು ಗೊತ್ತೇ ಆಗುವುದಿಲ್ಲ. ಕಣ್ಣುಗುಡ್ಡೆಯನ್ನು ಮಾತ್ರ ಒತ್ತಬೇಡಿ.

ಟಾರ್ಚ್ ಹಿಡಿದು ಬಾಯಿಯೊಳಗೂ ನೋಡಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಕವಳ (ಎಲೆ ಅಡಿಕೆ) ಹಾಕುವವರು ಇದನ್ನು ಬಿಡದೆ ಓದಿ

ಶಿವಮೊಗ್ಗ, ದಾವಣಗೆರೆ, ಉತ್ತರ ಕನ್ನಡ, ದಕ್ಷಿಣ ಕನ್ನಡದಲ್ಲಿ ಅಡಿಕೆ ಬದುಕು. ತೋಟ ಇರುವವರಿಗೆ ನನ್ನ ಮಾತು ಬೇಜಾರಾಗಬಹುದು. ಆದರೆ ಕಿವಿನೋವಿಗೂ ಅಡಿಕೆಗೂ ನೇರ ನಂಟಿದೆ. ದಿನವಿಡೀ ಅಗಿಯುವುದರಿಂದ ದವಡೆಯ ಕೀಲು, ಸ್ನಾಯು ಸೋಲುತ್ತವೆ. ಇನ್ನೊಂದು, ಬಾಯಿಯ ಒಳಚರ್ಮ ಗಟ್ಟಿಯಾಗಿ ನಾರುನಾರಾಗುತ್ತದೆ. ಖಾರ ತಿಂದರೆ ಉರಿ, ಬಾಯಿ ತೆರೆಯುವುದು ಬರಬರುತ್ತಾ ಕಡಿಮೆ, ಜೊತೆಗೆ ಕಿವಿನೋವು. ಇದು ಕ್ಯಾನ್ಸರ್‌ಗೆ ತಿರುಗಬಹುದಾದ ಸ್ಥಿತಿ. ಎಲೆ, ಸುಣ್ಣ, ತಂಬಾಕು ಯಾವುದೂ ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಬೀಡಿ, ಸಿಗರೇಟ್, ಗುಟ್ಕಾ, ಕವಳ, ಹೆಂಡ ಯಾವುದೇ ಅಭ್ಯಾಸ ಇದ್ದು, ಒಂದೇ ಕಡೆ ಕಿವಿನೋವು ಮೂರು ವಾರ ದಾಟಿದ್ದರೆ, ನುಂಗುವಾಗ ಕಿವಿಗೆ ಹೊಡೆಯುತ್ತಿದ್ದರೆ, ದನಿ ಒಡೆದಿದ್ದರೆ, ಕತ್ತಿನಲ್ಲಿ ಗಂಟಿದ್ದರೆ, ಬಾಯಿಯ ಹುಣ್ಣು ಎರಡು ಮೂರು ವಾರವಾದರೂ ಮಾಯದಿದ್ದರೆ, ಇಎನ್‌ಟಿ ಡಾಕ್ಟರಿಗೆ ಹೀಗೆ ಹೇಳಿ: "ಕಿವಿ ಮಾತ್ರ ಅಲ್ಲ, ಗಂಟಲನ್ನೂ ಪೂರ್ತಿ ನೋಡಿ." ಮೂಗಿನ ಮೂಲಕ ತೆಳ್ಳನೆ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಕೆಲವು ನಿಮಿಷದ ಕೆಲಸ. ಗಂಟಲಿನ ಕ್ಯಾನ್ಸರ್ ಮೊದಲು ಕಿವಿನೋವಾಗಿ ತೋರಿಸಿಕೊಳ್ಳಬಹುದು. ಅಭ್ಯಾಸವನ್ನು ಡಾಕ್ಟರಿಂದ ಮುಚ್ಚಿಡಬೇಡಿ. ಮನೆಯವರ ಮುಂದೆ ಹೇಳಲು ಸಂಕೋಚವಾದರೆ ಅವರನ್ನು ಒಂದು ನಿಮಿಷ ಹೊರಗೆ ಕಳಿಸಿ.

ಹೆಜ್ಜೆ 4: ಮಾತ್ರೆಯ ಲೆಕ್ಕ

ಇದು ನನಗೆ ನಾಚಿಕೆ ತಂದ ಹೆಜ್ಜೆ. ಕ್ಯಾಲೆಂಡರ್ ಎಣಿಸಿದರೆ ಒಂದು ತಿಂಗಳಲ್ಲಿ 19 ದಿನ ಮಾತ್ರೆ ನುಂಗಿದ್ದೆ. ಎರಡೋ ಮೂರೋ ಔಷಧ ಬೆರೆತ ಮಾತ್ರೆ, ಮೆಡಿಕಲ್ ಶಾಪಿನಲ್ಲಿ ಕೇಳದೆಯೇ ಕೊಡುತ್ತಿದ್ದರು.

ಪ್ಯಾರಾಸಿಟಮಾಲ್, ಐಬುಪ್ರೊಫೆನ್ ತರಹದ ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಬೆರಕೆ ಮಾತ್ರೆ, ಮೈಗ್ರೇನ್‌ಗೆ ಕೊಡುವ ಟ್ರಿಪ್ಟಾನ್ ಗುಂಪಿನ ಮಾತ್ರೆಗಳನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳ ಮೇಲೆ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವು ತರಲು ಶುರು ಮಾಡುತ್ತದೆ. ಮೊದಲೇ ಮೈಗ್ರೇನ್ ಇದ್ದವರು ಇದರಲ್ಲಿ ಬೇಗ ಸಿಕ್ಕಿಬೀಳುತ್ತಾರೆ. ಬಿಟ್ಟರೆ ಮೊದಲ ಕೆಲವು ದಿನ, ಒಮ್ಮೊಮ್ಮೆ ಎರಡು ವಾರ, ನೋವು ಇನ್ನೂ ಜಾಸ್ತಿಯಾಗುತ್ತದೆ. ಡಾಕ್ಟರ ಜೊತೆ ಮಾತಾಡಿಯೇ ಬಿಡಿ. ಕೆಲವು ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಬಾರದು.

ಅಂಗಡಿಯಿಂದ ತಂದ ಹನಿಗಳನ್ನೂ ಲೆಕ್ಕಕ್ಕೆ ಸೇರಿಸಿ. ಕಣ್ಣು ಕೆಂಪಾಗಿದೆ ಅಂತ ಸ್ಟಿರಾಯ್ಡ್ ಇರುವ ಹನಿಯನ್ನು ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಬಹುದು. ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಹಾಕುವ ಅಜ್ಜಿಯರ ಮೇಲೆ ನನಗೆ ಪ್ರೀತಿ ಇದೆ. ಆದರೆ ತಮಟೆ ತೂತಾಗಿದ್ದರೆ ಆ ಎಣ್ಣೆ ನೇರ ನಡುಗಿವಿಗೆ ಹೋಗುತ್ತದೆ. ಡಾಕ್ಟರಿಗೆ ಹೋಗುವ ಮುಂಚೆ ಹಾಕಿದರಂತೂ ಒಳಗೆ ಏನೂ ಕಾಣುವುದಿಲ್ಲ.

ಹೆಜ್ಜೆ 5: ಯಾರ ಬಳಿ, ಯಾವ ಕ್ರಮದಲ್ಲಿ

ನೇರ ನ್ಯೂರಾಲಜಿಸ್ಟ್ ಬಳಿ ಓಡಬೇಡಿ. ಮೊದಲು ನಿಮ್ಮನ್ನು ಬಲ್ಲ ಫ್ಯಾಮಿಲಿ ಡಾಕ್ಟರ್ ಅಥವಾ ಫಿಸಿಷಿಯನ್. ಪೂರ್ತಿ ಕತೆ ಒಬ್ಬರ ತಲೆಯಲ್ಲಿ ಇರಬೇಕು. ತಾಲ್ಲೂಕು ಆಸ್ಪತ್ರೆಯ ಫಿಸಿಷಿಯನ್ ಆದರೂ ಸೈ. ಅವರು ಬಿಪಿ ನೋಡುತ್ತಾರೆ, ಬೇಕಾದರೆ ರಕ್ತ ಪರೀಕ್ಷೆ ಬರೆಯುತ್ತಾರೆ, ಯಾರ ಬಳಿ ಹೋಗಬೇಕು ಅಂತ ಪತ್ರ ಕೊಡುತ್ತಾರೆ. ದೊಡ್ಡ ಆಸ್ಪತ್ರೆಯಲ್ಲಿ ಆ ಪತ್ರಕ್ಕೆ ಬೆಲೆ ಇದೆ.

ಕಣ್ಣಿಗೆ ಕನ್ನಡಕದ ಅಂಗಡಿಯ ಪವರ್ ಪರೀಕ್ಷೆ ಸಾಲದು. ಕಣ್ಣಿನ ಡಾಕ್ಟರಿಗೆ ಎರಡು ಕೇಳಿ: ಕಣ್ಣಿನ ಒತ್ತಡ ಎಷ್ಟಿದೆ, ಹಿಂಪರದೆ ನೋಡಿದ್ದೀರಾ. ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದ ನಡುವೆ ಇರುತ್ತದೆ. ಹಿಂಪರದೆ ನೋಡಲು ಹನಿ ಹಾಕಿ ಪಾಪೆ ಅಗಲ ಮಾಡುತ್ತಾರೆ. ಆಮೇಲೆ ಕೆಲವು ಗಂಟೆ ಮಂಜು. ಬೈಕ್ ತಗೊಂಡು ಹೋಗಬೇಡಿ, ಯಾರನ್ನಾದರೂ ಜೊತೆಗೆ ಕರೆದೊಯ್ಯಿರಿ. ಕಣ್ಣಿನ ನರದ ಬುಡದಲ್ಲಿ ಊತ ಕಂಡರೆ ಮುಂದಿನದ್ದೆಲ್ಲ ಬೇಗ ಬೇಗ ಆಗಬೇಕು.

ದವಡೆಯ ಸುಳಿವು ಸಿಕ್ಕಿದ್ದರೆ ದಂತವೈದ್ಯರು. ನಮ್ಮ ರಾಜ್ಯದಲ್ಲಿ ಡೆಂಟಲ್ ಕಾಲೇಜುಗಳಿಗೆ ಬರ ಇಲ್ಲ. ಅಲ್ಲಿ ಓರಲ್ ಮೆಡಿಸಿನ್ ಅಂತ ಒಂದು ವಿಭಾಗ ಇರುತ್ತದೆ. ಹಲ್ಲು ಕೀಳುವವರಲ್ಲ, ಬಾಯಿ ಮತ್ತು ದವಡೆಯ ನೋವಿಗೆ ಕಾರಣ ಹುಡುಕುವವರು. ಈ ವಿಭಾಗ ಇದೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ವಿದ್ಯಾರ್ಥಿಗಳು ಒಬ್ಬರ ನಂತರ ಒಬ್ಬರು ಅದದೇ ಕೇಳುತ್ತಾರೆ ಅಂತ ಬೇಸರ ಪಡಬೇಡಿ. ನನ್ನ ಅನುಭವದಲ್ಲಿ ಅಷ್ಟು ಪುರುಸೊತ್ತಿನಿಂದ ಕೇಳಿದವರು ಅವರೇ.

ಇವೆಲ್ಲ ಆದ ಮೇಲೂ ಗೊತ್ತಾಗದಿದ್ದರೆ, ಅಥವಾ ಮೊದಲೇ ಹೇಳಿದ ಕರೆಂಟ್ ಹೊಡೆತ, ಕ್ಲಸ್ಟರ್ ತರಹದ ನೋವಾದರೆ ನ್ಯೂರಾಲಜಿ. ಸರ್ಕಾರಿ ವ್ಯವಸ್ಥೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇದೆ. ಕಿವಿ ಕೇಳಿಸುವುದು ಕಡಿಮೆಯಾಗಿ ಸದ್ದು ಬರುತ್ತಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಕಣ್ಣಿಗೆ ಬೆಂಗಳೂರಿನ ಮಿಂಟೋ. ದೂರದ ಊರಿನವರು ಹೊರಡುವ ಮುಂಚೆ ಹೊರರೋಗಿ ವಿಭಾಗದ ದಿನ, ಹೊತ್ತು ವಿಚಾರಿಸಿಕೊಳ್ಳಿ. 104 ಆರೋಗ್ಯ ಸಹಾಯವಾಣಿಯಲ್ಲೂ ದಾರಿ ಕೇಳಬಹುದು.

ಹೆಜ್ಜೆ 6: ಐದು ನಿಮಿಷ, ಒಂದು ಚೀಟಿ

ಒಳಗೆ ಹೋದ ಕೂಡಲೇ ಹಳೇ ಫೈಲ್ ಕೊಡಬೇಡಿ. ಫೈಲ್ ಕೊಟ್ಟರೆ ಡಾಕ್ಟರು ಅದನ್ನು ಓದುತ್ತಾರೆ, ನಿಮ್ಮನ್ನು ಕೇಳುವುದಿಲ್ಲ. ಹಿಂದಿನವರು ಬರೆದ "ಸೈನಸೈಟಿಸ್" ಅವರ ಕಣ್ಣಿಗೂ ಅಂಟಿಕೊಳ್ಳುತ್ತದೆ. ಮೊದಲು ಚೀಟಿ. ನನ್ನದು ಹೀಗಿತ್ತು:

"ಎಡಗಡೆ ಮಾತ್ರ. ಕಿವಿಯಲ್ಲಿ ಶುರು, ಕಣತಲೆ, ಕಣ್ಣಿನ ಹಿಂದೆ. 2 ವರ್ಷದಿಂದ. ಜೋರು ನೋವು ತಿಂಗಳಿಗೆ 7 ದಿನ, ಉಳಿದಂತೆ ಸಣ್ಣ ನೋವು ಹೆಚ್ಚು ದಿನ. ಬಂದರೆ 6ರಿಂದ 10 ಗಂಟೆ. ಸಿಡಿತ. ವಾಕರಿಕೆ ಇದೆ, ವಾಂತಿ ಇಲ್ಲ. ಬೆಳಕು ಆಗಲ್ಲ. ಬೆಳಿಗ್ಗೆ ದವಡೆ ಬಿಗಿ, ಹಲ್ಲು ಕಡಿಯುವ ಅಭ್ಯಾಸ. ಮಾತ್ರೆ ತಿಂಗಳಿಗೆ 19 ದಿನ. ಅಮ್ಮನಿಗೂ ಅರೆತಲೆನೋವು ಇತ್ತು. ಬಿಪಿ, ಶುಗರ್ ಇಲ್ಲ."

ಓದಲು ಅರ್ಧ ನಿಮಿಷ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ್ದು ಅವತ್ತೇ ಮೊದಲು.

ಹೊರಡುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ನಿಮ್ಮ ಅನುಮಾನ ಏನು? ಬೇರೆ ಏನಾದರೂ ಇರಬಹುದಾ? ಎಷ್ಟು ದಿನದಲ್ಲಿ ಗುಣ ಕಾಣಬೇಕು? ಕಾಣದಿದ್ದರೆ ಮುಂದೇನು? ಉತ್ತರವನ್ನು ಅಲ್ಲೇ ಚೀಟಿಯ ಹಿಂದೆ ಬರೆದುಕೊಳ್ಳಿ. ಹೊರಗೆ ಬಂದು ಬರೆಯುತ್ತೇನೆ ಅಂದರೆ ಔಷಧಿ ಕ್ಯೂನಲ್ಲಿ ಎಲ್ಲ ಮರೆತುಹೋಗುತ್ತದೆ.

ಸ್ಕ್ಯಾನ್ ಯಾವಾಗ

"ಒಂದು ಸ್ಕ್ಯಾನ್ ಮಾಡಿಸಿಬಿಡಿ ಸಾರ್" ಅಂತ ನಾವೇ ಕೇಳುತ್ತೇವೆ. ವರ್ಷಗಳಿಂದ ಒಂದೇ ರೀತಿ ಬರುವ ಮೈಗ್ರೇನ್, ನರಗಳ ಪರೀಕ್ಷೆ ಸರಿ ಇದ್ದರೆ, ಸ್ಕ್ಯಾನ್ ಸಾಮಾನ್ಯವಾಗಿ ಬೇಕಿಲ್ಲ. ಮೈಗ್ರೇನ್ ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ, ಕತೆಯಲ್ಲಿ ಮಾತ್ರ ಕಾಣುತ್ತದೆ. ನೋವಿನ ರೀತಿ ಬದಲಾದರೆ, ಪರೀಕ್ಷೆಯಲ್ಲಿ ಏನಾದರೂ ಸಿಕ್ಕರೆ, ಟ್ರೈಜೆಮಿನಲ್ ನ್ಯೂರಾಲ್ಜಿಯಾದ ಅನುಮಾನ ಇದ್ದರೆ ಎಂಆರ್‌ಐ ಬೇಕು. ಎಮರ್ಜೆನ್ಸಿಯಲ್ಲಿ ರಕ್ತಸ್ರಾವ ನೋಡಲು ಸಿಟಿ.

ಇನ್ನೊಂದು ಸಂಗತಿ. ಮೆದುಳಿನ ಎಂಆರ್‌ಐ ನಾರ್ಮಲ್ ಬಂದರೆ ದವಡೆಯ ಕೀಲು ನಾರ್ಮಲ್ ಅಂತ ಅರ್ಥವಲ್ಲ. ಕೀಲಿನ ಸ್ಕ್ಯಾನ್ ಬೇರೆಯೇ. ವರದಿಯಲ್ಲಿ ಸೈನಸ್ ಒಳಪದರ ದಪ್ಪ, ಮೂಗಿನ ನಡುಗೋಡೆ ಸೊಟ್ಟ ಅಂತ ಬರೆದಿದ್ದರೆ ಆಪರೇಷನ್‌ಗೆ ಓಡಬೇಡಿ. ನೋವೇ ಇಲ್ಲದವರ ಸ್ಕ್ಯಾನಿನಲ್ಲೂ ಇವು ಧಾರಾಳ ಕಾಣುತ್ತವೆ. ನನ್ನ ಎರಡು ಆಂಟಿಬಯಾಟಿಕ್ ಕೋರ್ಸ್ ಹೋದದ್ದು ಆ ಒಂದು ಸಾಲಿಗೆ.

ಹೆಜ್ಜೆ 7: ಔಷಧವೂ ಹುಡುಕಾಟದ ಭಾಗ

ಎಷ್ಟೋ ಸಲ ಔಷಧ ಕೊಟ್ಟು ನೋಡಿಯೇ ಕಾರಣ ಖಚಿತವಾಗುತ್ತದೆ. ತಿಂಗಳುಗಟ್ಟಲೆ ಒಂದೇ ಕಡೆ ಬಿಡದೆ ನೋಯುವ, ನಡುನಡುವೆ ಕಣ್ಣಲ್ಲಿ ನೀರು ತರಿಸುವ ಒಂದು ತಲೆನೋವಿದೆ. ಇಂಡೊಮೆಥಾಸಿನ್ ಅನ್ನುವ ಹಳೇ ಮಾತ್ರೆಗೆ ಅದು ಪೂರ್ತಿ ಇಳಿಯುತ್ತದೆ, ಇಳಿದರೇ ಅದು ಅದೇ ಅಂತ ಲೆಕ್ಕ. ಡಾಕ್ಟರ ನಿಗಾದಲ್ಲೇ ಕೊಡಬೇಕಾದ ಮಾತ್ರೆ ಅದು, ಹೊಟ್ಟೆಗೆ ಬಲು ಖಾರ.

ಮೈಗ್ರೇನ್ ತಡೆಯಲು ದಿನಾ ತಿನ್ನುವ ಮಾತ್ರೆ ಕೊಟ್ಟರೆ, ಸರಿಯಾದ ಪ್ರಮಾಣ ಮುಟ್ಟಿದ ಮೇಲೆ ಸುಮಾರು ಎರಡು ತಿಂಗಳು ನೋಡದೆ ಕೆಲಸ ಮಾಡಲಿಲ್ಲ ಅನ್ನಬೇಡಿ. ನಾವು ಹದಿನೈದು ದಿನಕ್ಕೆ ಡಾಕ್ಟರ್ ಬದಲಿಸುತ್ತೇವೆ, ಹೊಸಬರು ಮತ್ತೆ ಒಂದನೇ ಮೆಟ್ಟಿಲಿನಿಂದ ಶುರು ಮಾಡುತ್ತಾರೆ. ಮಾತ್ರೆಯಿಂದ ಅಡ್ಡಪರಿಣಾಮ ಆದರೆ ಮಾತ್ರ ಕಾಯದೆ ಫೋನ್ ಮಾಡಿ.

ದವಡೆಯ ನೋವಿಗೆ ನನಗೆ ಹೇಳಿದ್ದು ಇಷ್ಟೇ: ಕೆಲವು ವಾರ ಮೆತ್ತನೆ ಊಟ, ಚಕ್ಕುಲಿ ಕೋಡುಬಳೆ ಬಂದ್, ಬಿಸಿ ಶಾಖ, ರಾತ್ರಿ ಹಲ್ಲಿಗೆ ಒಂದು ಪ್ಲಾಸ್ಟಿಕ್ ಹೊದಿಕೆ. ಇನ್ನೊಂದು, ಕೆಲಸದ ನಡುವೆ ಹಲ್ಲಿಗೆ ಹಲ್ಲು ತಾಗುತ್ತಿದೆಯಾ ಅಂತ ನೋಡಿಕೊಳ್ಳುವುದು. ತುಟಿ ಮುಚ್ಚಿದ್ದರೂ ಹಲ್ಲು ಬಿಡಿಯಾಗಿರಬೇಕಂತೆ. ಕಂಪ್ಯೂಟರ್ ಪರದೆಯ ಮೂಲೆಗೆ "ಹಲ್ಲು" ಅಂತ ಚೀಟಿ ಅಂಟಿಸಿದ್ದೆ. ಆಫೀಸಿನವರು ಡೆಂಟಿಸ್ಟ್ ಅಪಾಯಿಂಟ್‌ಮೆಂಟ್ ಅಂದುಕೊಂಡಿದ್ದರು.

ಮತ್ತೆ ಹೋಗುವಾಗ

ಹಳೇ ಕ್ಯಾಲೆಂಡರ್ ಹಾಳೆಗಳನ್ನು ಹರಿದು ಎಸೆಯಬೇಡಿ, ತಿಂಗಳ ಕೆಳಗೆ ಎರಡು ಸಂಖ್ಯೆ ಬರೆದಿಡಿ: ನೋವಿನ ದಿನ, ಮಾತ್ರೆಯ ದಿನ. "ಸ್ವಲ್ಪ ಪರವಾಗಿಲ್ಲ" ಅನ್ನುವುದಕ್ಕಿಂತ "19 ಇದ್ದದ್ದು 11 ಆಗಿದೆ" ಅಂದರೆ ಡಾಕ್ಟರು ಮುಂದಿನ ನಿರ್ಧಾರ ಮಾಡಬಲ್ಲರು. ಕಮ್ಮಿಯಾಗದಿದ್ದರೆ ಮುಚ್ಚಿಡದೆ ಹೇಳಿ. ಹೊಸ ಲಕ್ಷಣ ಬಂದಿದ್ದರೆ ಅದನ್ನೇ ಮೊದಲು ಹೇಳಿ, ಹಳೇ ಕತೆ ಆಮೇಲೆ.

ರಸೀದಿ, ವರದಿಗಳ ಫೋಟೋ ತೆಗೆದಿಡಿ. ಆ ನುಣುಪು ಕಾಗದದ ಮೇಲಿನ ಅಕ್ಷರ ಒಂದು ಬೇಸಿಗೆಯಲ್ಲಿ ಮಾಸಿಹೋಗುತ್ತದೆ. ಸ್ಕ್ಯಾನಿನ ಫಿಲ್ಮ್ ಜೊತೆ ಸಿಡಿ ಅಥವಾ ಲಿಂಕ್ ಕೊಡುತ್ತಾರೆ, ಕೇಳಿ ತಗೊಳ್ಳಿ. ಮುಂದಿನ ಡಾಕ್ಟರು ವರದಿಗಿಂತ ಚಿತ್ರವನ್ನೇ ನೋಡಲು ಬಯಸುತ್ತಾರೆ, ಅದಿದ್ದರೆ ಮತ್ತೊಂದು ಸ್ಕ್ಯಾನಿನ ದುಡ್ಡು ಉಳಿಯುತ್ತದೆ.